ಮಾದಮ್ಮನ ರಾಗಿಕಲ್ಲಿನ ಎದುರು

ಭೀಮನಬೀಡಿಗೆ ಬಂದ ಮರುದಿನ ನಸುಕಿನಲ್ಲಿ ನೆಲವೇ ಗುಡುಗತೊಡಗಿತು. ಗುಂಡ್ಲುಪೇಟೆಯ ಬಸ್ಸಿನಲ್ಲಿ ಕಾಡಾನೆಯ ಕಥೆಗಳನ್ನು ಸಾಕಷ್ಟು ಕೇಳಿದ್ದ ನಾನು ಎದ್ದು ಹಿತ್ತಿಲಿಗೆ ಓಡಿದೆ. ಮನೆಯೊಡತಿ ಮಾದಮ್ಮ ಮಗಳೊಂದಿಗೆ ಬೀಸುತ್ತಿದ್ದ ಕಲ್ಲನ್ನು ನಿಲ್ಲಿಸಿ ಬಿದ್ದು ಬಿದ್ದು ನಕ್ಕಳು.

“ಆನೆನೂ ಇಲ್ಲ, ಗೀನೆನೂ ಇಲ್ಲ ಕಣ್ರವ್ವ. ಊರೋರೆಲ್ಲ ರಾಗಿ ಬೀಸ್ತಾವ್ರೆ!”

ಕುಂದಾಪುರದಲ್ಲಿ ನಾವು ಅಕ್ಕಿ ನೆನೆಸಿ, ಒಬ್ಬೊಬ್ಬರೇ ಕೂತು ಮೆಲ್ಲಗೆ ಅರೆಯುವವರು. ಇಲ್ಲಿ ಒಣ ರಾಗಿ; ಕಲ್ಲಿನ ಒಂದೇ ಗೂಟವನ್ನು ಇಬ್ಬರು ಎದುರುಬದುರು ಕೂತು ಹಿಡಿಯಬೇಕು. ಮುದ್ದೆಗೆ ಇಲ್ಲಿ ‘ಹಿಟ್ಟು’ ಎನ್ನುತ್ತಾರೆ, ಅಗಿಯದೆ ನುಂಗುತ್ತಾರೆ. ಕನ್ನಡ ಸೀಮೆಗಳೆಲ್ಲ ಸೇರಿ ರಾಜ್ಯ ಒಂದಾದ ಮೇಲೆ, ಹೊಸ ಸೀಮೆ ನೋಡಿ ನಾಲ್ಕು ವಿಷಯ ಕಲಿಯುತ್ತೇನೆಂದು ಹಟ ಹಿಡಿದು ಶಾಲೆಯ ಕೆಲಸಕ್ಕೆ ಬಂದವಳು ನಾನು. ಮೊದಲ ವಾರ ಹಿಟ್ಟು ಅಗಿಯುತ್ತಾ ಊರಿನ ಗಂಜಿ ನೆನೆದು ಅತ್ತುಬಿಟ್ಟೆ.

ಮಾದಮ್ಮನ ಮಗಳು ಪುಟ್ಟತಾಯಿ ಜಾಣೆ, ಆದರೆ ನಸುಕಿನಲ್ಲಿ ಬೀಸಿ ದಣಿದು ಮಲಗಿಬಿಡುತ್ತಿದ್ದಳು, ಶಾಲೆಗೆ ಬರುತ್ತಿರಲಿಲ್ಲ. ಕೇಳಿದರೆ ಮಾದಮ್ಮ ಸಿಡುಕಿದಳು.

“ಅವ್ಳು ಎದ್ರುಗೆ ಕೂರ್ದಿದ್ರೆ ಒಬ್ಳೇ ಎಂಗೆ ಬೀಸ್ಲಿ? ನೀವು ಬತ್ತೀರಾ?”

“ಬರ್ತೇನೆ” ಎಂದುಬಿಟ್ಟೆ.

ಮರುದಿನ ಇದ್ದ ಬಲವನ್ನೆಲ್ಲ ಹಾಕಿ ಎಳೆದೆ. ಕಲ್ಲು ಕಚ್ಚಿಕೊಂಡು ನಿಂತಿತು.

“ಜಗಳ ಆಡ್ಬ್ಯಾಡಿ ಮೇಷ್ಟ್ರಮ್ಮ. ಕಲ್ಲು ನನ್ ಕಡಿಕೆ ಬಂದಾಗ ಸುಮ್ಕೆ ಬುಟ್ಬುಡಿ.”

ಬಿಡುವುದೇ ನನಗೆ ಕಷ್ಟವಾಯಿತು. ಅಂಗೈ ಬೊಬ್ಬೆ ಎದ್ದು ಸೀಮೆಸುಣ್ಣ ಹಿಡಿಯಲಾಗದೆ ಒದ್ದಾಡಿದೆ. ಮಾದಮ್ಮ ಹರಳೆಣ್ಣೆ ಸವರಿದಳು, ಬಯ್ಯುತ್ತಲೇ ಸವರಿದಳು. ಹಗಲೆಲ್ಲ ಹೊಲದಲ್ಲಿ ದುಡಿದು, ಮರುದಿನ ಎಲ್ಲರಿಗಿಂತ ಮೊದಲು ಎದ್ದು ಹಾಡುತ್ತಾ ಬೀಸುವ ಆ ಹೆಂಗಸಿನ ಮುಂದೆ ನನ್ನ ಧೈರ್ಯ ಯಾವ ಲೆಕ್ಕ? ಅಂತೂ ದಿನವೂ ನಾನೇ ಬೀಸಲು ಕೂರತೊಡಗಿದ ಮೇಲೆ ಪುಟ್ಟತಾಯಿ ಶಾಲೆಗೆ ಬಂದು ಮುಂದಿನ ಸಾಲಿನಲ್ಲಿ ಕೂತಳು, ನನ್ನ ಕೈ ನೋಡಿ ಕಿಸಕ್ಕನೆ ನಕ್ಕಳು. ನನಗೆ ಕುಣಿಯುವಷ್ಟು ಸಂತೋಷವಾಗಿತ್ತು.

ಈಗ ಬೇಸಿಗೆ ರಜೆಗೆ ಕುಂದಾಪುರಕ್ಕೆ ಬಂದಿದ್ದೇನೆ. ಮನೆಯ ಹತ್ತಿರದ ಶಾಲೆಯಲ್ಲೇ ಅಪ್ಪಯ್ಯ ನನಗೊಂದು ಕೆಲಸ ಗೊತ್ತು ಮಾಡಿದ್ದಾರೆ. ಭೀಮನಬೀಡಿನಲ್ಲಿ ನಾನು ಬಸ್ಸು ಹತ್ತುವಾಗ ಮಾದಮ್ಮ ಅಂದದ್ದು ಇಷ್ಟೇ: “ನೀವು ಬರ್ನಿಲ್ಲ ಅಂದ್ರೆ ಪುಟ್ತಾಯಿನೇ ಕೂರ್ಬೇಕು ಕಣ್ರವ್ವ.”

ಇವತ್ತು ನಸುಕಿನಲ್ಲಿ ಎಚ್ಚರವಾಯಿತು. ಎಲ್ಲೂ ಗುಡುಗಿಲ್ಲ, ದೂರದಲ್ಲಿ ಕಡಲಿನ ಸದ್ದು ಮಾತ್ರ. ಚಿಕ್ಕಂದಿನಿಂದ ಜೋಗುಳವಾಗಿದ್ದ ಅದೇ ಸದ್ದಿಗೆ ಮತ್ತೆ ನಿದ್ದೆ ಹತ್ತಲಿಲ್ಲ. ಅಡುಗೆಮನೆಯಲ್ಲಿ ಅಮ್ಮ ದೋಸೆಗೆ ಅರೆಯುತ್ತಿದ್ದಳು. ಹೋಗಿ ಎದುರಿಗೆ ಕೂತು ಗುಂಡುಕಲ್ಲಿನ ಮೇಲೆ ಕೈಯಿಟ್ಟೆ.

“ಎಂತದ್ ಮಾರಾಯ್ತಿ? ಇದ್ ಒಬ್ರೇ ಅರೆಯೂ ಕಲ್ಲಲ್ದಾ?”

ಅಮ್ಮ ನನ್ನ ಅಂಗೈ ತಿರುಗಿಸಿ ನೋಡಿದಳು. ದಡ್ಡುಗಟ್ಟಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. ನಾನು ಭೀಮನಬೀಡಿಗೇ ವಾಪಸು ಹೊರಡುವವಳೆಂದು ಅವಳಿಗೆ ಗೊತ್ತಾಗಿಬಿಟ್ಟಿತ್ತು. ಕೊಂಚ ಸರಿದು, ಗುಂಡುಕಲ್ಲಿನ ಮೇಲೆ ನನ್ನ ಕೈಗೂ ಜಾಗ ಮಾಡಿಕೊಟ್ಟಳು.