ಕುದಿಸದ ನೀರು

ನನ್ನ ತಂಗಿ ಚೊಚ್ಚಲ ಹೆರಿಗೆಗೆ ನನ್ನ ಮನೆಗೆ ಬಂದಿದ್ದಾಗ ನಾನು ಅವಳಿಗೆ ನೀರು ಕುದಿಸಿ ಕೊಡಲಿಲ್ಲ. ಕುದಿಸಿದ್ದೇನೆ ಎಂದು ಹೇಳಿ ಕೊಟ್ಟೆ. ಮರೆತು ಆದದ್ದಲ್ಲ. ದಿನವೂ ತಿಳಿದೇ ಮಾಡಿದೆ.

ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಅವ್ವ ತೀರಿಕೊಂಡಾಗ ತಂಗಿ ಇನ್ನೂ ಅಂಬೆಗಾಲಿಡುತ್ತಿದ್ದಳು. ಅವಳನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದೆ. ಅವಳು ಮುದ್ದೇಬಿಹಾಳದ ಕಾಲೇಜಿನಲ್ಲಿ ಓದಿದಳು. ಆಲಮಟ್ಟಿಯಲ್ಲಿ ಕಾಲುವೆಯ ಕೆಲಸ ನೋಡಿಕೊಳ್ಳುವ ಹುಡುಗನ ಜೊತೆ ಮದುವೆಯಾಗಿ ಅಲ್ಲಿಯ ಕ್ವಾರ್ಟರ್ಸಿಗೆ ಹೋದಳು. ನನ್ನ ಮದುವೆ ಹೆಚ್ಚು ದಿನ ನಡೆಯಲಿಲ್ಲ. ಮಕ್ಕಳಾಗಲಿಲ್ಲ, ಗಂಡನ ಮನೆಯವರು ಕರೆಯಲು ಬರಲಿಲ್ಲ, ನಾನೂ ಹೋಗಲಿಲ್ಲ. ಇಂಡಿಯಲ್ಲಿ ಅಪ್ಪ ಬಿಟ್ಟುಹೋದ ಮನೆಯಲ್ಲಿ ಒಬ್ಬಳೇ ಇದ್ದು, ಪೇಟೆಯಲ್ಲಿ ಲಿಂಬೆಕಾಯಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಈಗಲೂ ಹೋಗುತ್ತೇನೆ.

ನಮ್ಮ ಓಣಿಯ ನಳದ ಸಂಗತಿ ಹೇಳದಿದ್ದರೆ ಉಳಿದದ್ದು ತಿಳಿಯುವುದಿಲ್ಲ. ನಮ್ಮದು ಏರಿನ ಮೇಲಿನ ಓಣಿ. ನೀರು ಬಿಟ್ಟಾಗ ಕೆಳಗಿನವರಿಗೆ ಜೋರಾಗಿ ಬರುತ್ತದೆ, ನಮಗೆ ಬೆರಳಿನಷ್ಟು ಧಾರೆ. ಅದಕ್ಕಾಗಿ ಪ್ರತಿ ಮನೆಯವರೂ ನಳದ ಬುಡದಲ್ಲಿ ಕೊಡ ಇಳಿಯುವಷ್ಟು ತಗ್ಗು ತೋಡಿ, ಪೈಪನ್ನು ನೆಲಕ್ಕಿಂತ ಕೆಳಗೆ ಕತ್ತರಿಸಿಕೊಂಡಿದ್ದೇವೆ. ಹಾಗೆ ಮಾಡಿದರೆ ಧಾರೆ ಒಂದಿಷ್ಟು ದಪ್ಪವಾಗುತ್ತದೆ. ಪೈಪಿನ ಬಾಯಿಗೆ ತಿರುವುವ ನಲ್ಲಿ ಹಾಕುವುದಿಲ್ಲ, ಅರಿವೆಯ ತುಂಡು ತುರುಕುತ್ತೇವೆ. ತಗ್ಗಿನ ಪಕ್ಕದಲ್ಲೇ ಗಟಾರ. ನೀರು ಬಾರದ ದಿನಗಳಲ್ಲಿ ಗಟಾರದ ಬಸಿ ಇಳಿದು ತಗ್ಗು ತುಂಬುತ್ತದೆ. ಬರಿದಾದ ಪೈಪು ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಮೊದಲು ಬರುವುದು ಅದೇ. ಆ ಮೊದಲ ನೀರನ್ನು ಹರಿಯಲು ಬಿಟ್ಟು ಆಮೇಲೆ ಕೊಡ ಹಿಡಿಯಬೇಕು. ಇದು ಓಣಿಯಲ್ಲಿ ಎಲ್ಲರಿಗೂ ಗೊತ್ತು.

ಆ ಬೇಸಿಗೆಯಲ್ಲಿ ನೀರು ಬಹಳ ತಡಮಾಡಿ ಬರುತ್ತಿತ್ತು, ಬಂದರೂ ಹೆಚ್ಚು ಹೊತ್ತು ಇರುತ್ತಿರಲಿಲ್ಲ. ಎದುರು ಮನೆಯವರು ಪೈಪಿಗೇ ಮೋಟಾರು ಹಚ್ಚಿ ಎಳೆಯುತ್ತಿದ್ದರು. ಧಾರೆ ಕಡಿಯುವ ಮೊದಲು ತುಂಬಿಕೊಳ್ಳಬೇಕೆಂಬ ಆಸೆಯಲ್ಲಿ ನಾನು ಮೊದಲ ನೀರನ್ನೂ ಹಿಡಿಯುತ್ತಿದ್ದೆ. ತುರಟಿ ಎನ್ನುವ ಪಟಿಕದ ತುಂಡು ಹಿಡಿದು ಕೊಡದಲ್ಲಿ ನಾಲ್ಕು ಸುತ್ತು ತಿರುವಿದರೆ ಕೆಸರೆಲ್ಲ ತಳಕ್ಕೆ ಹೋಗಿ ಮೇಲೆ ತಿಳಿಯಾಗುತ್ತಿತ್ತು. ತಿಳಿಯಾದರೆ ಚೊಕ್ಕವಾಯಿತು ಎಂದು ಅವ್ವನ ಕಾಲದಿಂದ ನಂಬಿಕೊಂಡು ಬಂದಿದ್ದೆವು.

ತಂಗಿ ಬಂದ ಮರುದಿನವೇ ಓಣಿಯ ಆಶಾ ಕಾರ್ಯಕರ್ತೆ ಬಂದು ಹೊಸ್ತಿಲ ಮೇಲೆ ಕೂತು ಹೇಳಿದಳು: "ಅಕ್ಕಾರ, ಬಸುರಿಗೆ ಕುದಿಸಿ ಆರಿಸಿದ ನೀರ ಅಷ್ಟ ಕೊಡ್ರಿ. ಬೆಚ್ಚಗ ಮಾಡಿದ್ರ ನಡಿಯಂಗಿಲ್ಲ. ಗುಳ್ಳಿ ಎದ್ದು ತಕತಕ ಕುದೀಬೇಕು."

"ನೀರ ಕುದಿಸಾಕ ನಾ ಏನ್ ಸಾಲಿ ಕಲೀಬೇಕೇನವಾ?" ಎಂದೆ. ಅವಳು ನಕ್ಕು ಎದ್ದು ಹೋದಳು.

ಮೊದಲ ಕೆಲವು ದಿನ ಕುದಿಸಿದೆ. ಬಿಟ್ಟದ್ದು ಯಾಕೆ ಎಂದು ಕೇಳಿದರೆ ಗ್ಯಾಸ್ ಉಳಿಸಲಿಕ್ಕೆ ಎಂದು ನನಗೆ ನಾನೇ ಎಷ್ಟೋ ದಿನ ಹೇಳಿಕೊಂಡೆ. ಬಾಣಂತಿಯ ನೀರಿಗೆ, ಕೂಸಿಗೆ ಎರೆಯುವ ನೀರಿಗೆ ಸಿಲಿಂಡರ್ ಬೇಕಾಗುತ್ತದೆ ಎಂದು. ಅದು ಸುಳ್ಳು. ಒಂದು ಸಂಜೆ ಪೇಟೆಯಿಂದ ಬಂದಿದ್ದೆ. ದಿನವಿಡೀ ಒಡೆದ ಕಾಯಿ ಮುಟ್ಟಿ ಬೆರಳ ಸಂದಿಯಲ್ಲಿ ಹುಳಿ ಇಳಿದು ಉರಿಯುತ್ತಿತ್ತು. ತಂಗಿ ಮಂಚದ ಮೇಲೆ ಅಡ್ಡಾಗಿ ಫೋನ್ ನೋಡುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಅಕ್ಕಾ, ನೀರ ಇನ್ನೊಂದಿಷ್ಟು ಕುದಿಬೇಕಿತ್ತು ನೋಡು. ವಾಸನಿ ಬರ್ತೈತಿ. ನಮ್ಮ ಕ್ವಾರ್ಟರ್ಸಿನಾಗ ನೀರ ಸೋಸೋ ಮಷಿನ್ ಐತಿ, ಇದೆಲ್ಲ ತ್ರಾಸ ಇಲ್ಲ."

ಆಗ ಪಕ್ಕದ ಮನೆಯವಳು ಬೆಲ್ಲ ಕೇಳಲು ಬಂದು ನಿಂತಿದ್ದಳು. ಅವಳ ಕಡೆ ತಿರುಗಿ ನಾನೆಂದೆ, "ಕೇಳಿದೇನವಾ? ಬಸುರಿ ಮೂಗಿಗೆ ಮಲ್ಲಿಗಿ ಸೈತ ನಾರತೈತಂತ. ವಾಸನಿ ನೀರಿನಾಗ ಇಲ್ಲ, ಈಕಿ ಮೂಗಿನಾಗ ಐತಿ."

"ಡ್ಯಾಮಿನ ಊರ ಸೊಸಿ ಅದಾಳ," ಎಂದಳು ಅವಳು. "ಹೊಳಿನ ಮನಿಗಿ ತರಿಸಿ ಕೊಡು."

ಇಬ್ಬರೂ ನಕ್ಕೆವು. ತಂಗಿಯೂ ನಕ್ಕಳು, ಆದರೆ ಆಮೇಲೆ ಲೋಟವನ್ನು ಹಾಗೇ ಇಟ್ಟಳು. ಅದನ್ನು ನೋಡಿ ನನಗೆ ಸಿಟ್ಟು ನೆತ್ತಿಗೇರಿತು. ಗಟಾರದ ಪಕ್ಕದಲ್ಲೇ ಹುಟ್ಟಿ ಇದೇ ನೀರು ಕುಡಿದು ಬೆಳೆದವಳಿಗೆ ಈಗ ನಾತ ಬಡಿಯುತ್ತದೆಯೋ ಎನಿಸಿತು. ಮರುದಿನದಿಂದ ನೀರನ್ನು ಬೆರಳಿಗೆ ಬಿಸಿ ತಾಗುವಷ್ಟು ಕಾಯಿಸಿ ಇಳಿಸಿದೆ. ನಾತ ಗೊತ್ತಾಗದಿರಲಿ ಎಂದು ಒಂದು ಚಿಟಿಕೆ ಅಜವಾನ ಹಾಕಿದೆ.

"ಇವತ್ತ ಚಲೋ ಐತಿ ನೋಡು," ಎಂದು ಅವಳು ಗಟಗಟ ಕುಡಿದಳು. "ಚಲೋತ್ನಂಗ ಕುದಿಸಿದೆಲ್ಲ?"

"ಹೂಂ, ಕುದಿಸೀನಿ."

ಅದೇ ನೀರನ್ನು ನಾನೂ ಕುಡಿಯುತ್ತಿದ್ದೆ. ನನಗೇನೂ ಆಗಲಿಲ್ಲ. ಆಗದೇ ಇದ್ದದ್ದು ನನ್ನ ಸೊಕ್ಕನ್ನು ಇನ್ನಷ್ಟು ಬೆಳೆಸಿತು.

ನಡುವೆ ಒಂದು ಸಂಜೆ ಅವಳಿಗೆ ಬಾಯಿ ಕೆಟ್ಟಿದೆ ಎಂದು ಬಸ್‌ಸ್ಟ್ಯಾಂಡಿನ ಕಡೆ ಕರೆದುಕೊಂಡು ಹೋಗಿದ್ದೆ. ಒಂದು ಪ್ಲೇಟ್ ಪಾನಿಪುರಿ ತೆಗೆದುಕೊಂಡು ಇಬ್ಬರೂ ತಿಂದೆವು. ತಿನ್ನೋಣ ಎಂದವಳು ನಾನೇ.

ಕೆಲವು ವಾರಗಳಾದ ಮೇಲೆ ಅವಳಿಗೆ ಊಟ ಸೇರದಾಯಿತು. ವಾಂತಿ ಹತ್ತಿತು. ತಿಂಗಳು ತುಂಬುತ್ತಿವೆ, ಹೀಗಾಗುತ್ತದೆ ಎಂದೆ. ಕಣ್ಣು ಹಳದಿಯಾದಾಗ ಕಾಮಾಲೆಗೆ ಎಲೆಯ ರಸ ಕೊಡುವವರ ಹತ್ತಿರ ಕರೆದುಕೊಂಡು ಹೋಗಿ, ಪಥ್ಯ ಹೇಳಿಸಿಕೊಂಡು ಬಂದೆ. ಅದರಲ್ಲೂ ದಿನ ಕಳೆದವು. ಒಂದು ಮುಂಜಾನೆ ಅವಳು ನನ್ನ ಗುರುತು ಹಿಡಿಯದೆ "ಅವ್ವಾ" ಎಂದು ಕರೆದಾಗ ಗಾಬರಿಯಾಗಿ ವಿಜಯಪುರದ ಆಸ್ಪತ್ರೆಗೆ ಒಯ್ದೆ. ಅಲ್ಲಿ ಸಲೈನ್ ಹಚ್ಚಿದ ಮೇಲೆ ಸಂಜೆಯ ಹೊತ್ತಿಗೆ ಅವಳಿಗೆ ಸ್ವಲ್ಪ ಎಚ್ಚರವಾಯಿತು. ಡಾಕ್ಟರಮ್ಮ ಅವಳ ಕಣ್ಣಿನ ರೆಪ್ಪೆ ಎಳೆದು ನೋಡಿ ನನ್ನನ್ನು ಕೇಳಿದರು: "ಇದು ನೀರಿನಿಂದ ಬರೋ ಕಾಮಾಲಿ. ಬಸುರ್ಯಾರಿಗೆ ಬಾಳ ಕೆಟ್ಟದ್ದು. ನೀರ ಕುದಿಸಿ ಕೊಡ್ತಿದ್ರೇನು?"

"ಹೌದ್ರಿ," ಎಂದೆ. "ದಿನಾ ಕುದಿಸಿ ಅಜವಾನ ಹಾಕಿ ಕೊಡ್ತಿದ್ದೆ."

"ಹಂಗಾರ ಹೊರಗಿಂದು ಏನರೆ ತಿಂದಾರೇನು?"

ಅವರು ದಾರಿ ತೆರೆದರು, ನಾನು ನುಗ್ಗಿದೆ. "ತಿಂದಾಳ್ರಿ. ಬಸ್‌ಸ್ಟ್ಯಾಂಡಿನಾಗ ಪಾನಿಪುರಿ ತಿಂದಾಳ."

ತಂಗಿ ಮಲಗಿದಲ್ಲೇ ಕಣ್ಣು ತೆರೆದು ನನ್ನನ್ನು ನೋಡಿದಳು. ನೀನೂ ತಿಂದಿದ್ದೆಯಲ್ಲ ಎನ್ನಲಿಲ್ಲ. "ಹೌದ್ರಿ," ಎಂದಳು, "ತಿಂದೀನಿ."

ಆ ರಾತ್ರಿ ಕಳೆದು ಬೆಳಿಗ್ಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಅಳಲಿಲ್ಲ. ತಂಗಿಗೆ ಮತ್ತೆ ಎಚ್ಚರ ತಪ್ಪಿ, ಅವಳು ಉಳಿಯುವುದೂ ಖಾತ್ರಿಯಿಲ್ಲ ಎಂದರು. ಉಳಿದಳು. ಆಲಮಟ್ಟಿಯಿಂದ ಬಂದ ಅವಳ ಅತ್ತೆ ಮೊದಲ ದಿನ ಅತ್ತಳು, ಎರಡನೆಯ ದಿನ ವಾರ್ಡಿನಲ್ಲಿ ಎಲ್ಲರಿಗೂ ಕೇಳುವಂತೆ ಕೇಳಿದಳು: "ಆ ಒಂದ ಪ್ಲೇಟ ನನ್ನ ಮೊಮ್ಮಗಳಿಗಿಂತ ರುಚಿ ಇತ್ತೇನವಾ?"

ನಾನು ಪಕ್ಕದಲ್ಲೇ ಕೂತು ಮೋಸಂಬಿ ಸುಲಿಯುತ್ತಿದ್ದೆ. ಸುಲಿಯುತ್ತಲೇ ಇದ್ದೆ.

ಅತ್ತೆ ಹೊರಗೆ ಹೋದಾಗ ತಂಗಿ ಮೆಲ್ಲಗೆ ಹೇಳಿದಳು: "ಅಕ್ಕಾ, ನೀ ಇಷ್ಟು ಜ್ವಾಕಿ ಮಾಡಿದಿ. ನೀರ ಸೈತ ಕುದಿಸಿ ಕೊಟ್ಟಿ. ನಾನ ನನ್ನ ಬಾಯಿ ಕಟ್ಟಲಿಲ್ಲ."

"ಹೋಗಲಿ ಬಿಡು," ಎಂದು ನಾನು ಅವಳ ತಲೆ ಸವರಿದೆ. "ಆದದ್ದು ಆತು. ಇನ್ನ ಮ್ಯಾಲೆ ಹಂಗ ತಿನಬ್ಯಾಡ."

ಅವಳನ್ನು ಕ್ಷಮಿಸಿದ ಹಾಗೆ ಹೇಳಿದೆ. ನನ್ನ ಜೀವನದಲ್ಲಿ ನಾನಾಡಿದ ಮಾತುಗಳಲ್ಲಿ ಇದಕ್ಕಿಂತ ಹೊಲಸು ಮಾತು ಇನ್ನೊಂದಿಲ್ಲ.

ಊರಿಗೆ ಬಂದಾಗ ಓಣಿಯಲ್ಲಿ ಇನ್ನೂ ನಾಲ್ಕಾರು ಜನರ ಕಣ್ಣು ಹಳದಿಯಾಗಿದ್ದವು. ಪುರಸಭೆಯಿಂದ ನೀರು ನೋಡಿಕೊಳ್ಳುವವರು ಬರುತ್ತಾರೆಂದು ಹಿಂದಿನ ದಿನವೇ ಸುದ್ದಿಯಾಯಿತು. ತಗ್ಗು ಕಂಡರೆ ನಳ ಕಿತ್ತುಕೊಂಡು ಹೋಗುತ್ತಾರೆಂಬ ಹೆದರಿಕೆ. ಎಲ್ಲರೂ ತಗ್ಗಿಗೆ ಮಣ್ಣು ಮುಚ್ಚಿ, ಸಗಣಿಯಿಂದ ಸಾರಿಸಿ, ಮೇಲೆ ರಂಗೋಲಿ ಹಾಕಿದೆವು. ಬಂದವರು ಮನೆಮನೆಗೆ ಕೇಳಿದರು, ನೀರು ಕುದಿಸಿ ಕುಡಿಯುತ್ತೀರಾ ಎಂದು. "ಹೌದ್ರಿ, ಕುದಿಸದ ಹನಿ ಮುಟ್ಟಂಗಿಲ್ರಿ," ಎಂದಳು ಪಕ್ಕದ ಮನೆಯವಳು, ಮೂಗು ಮುರಿದು. ಅವಳ ಒಲೆಯ ಮೇಲೆ ನೀರಿಟ್ಟದ್ದನ್ನು ನಾನು ಸ್ನಾನಕ್ಕೆ ಬಿಟ್ಟರೆ ಎಂದೂ ನೋಡಿಲ್ಲ. ನನ್ನ ಸರದಿ ಬಂದಾಗ ಆಶಾ ಕಾರ್ಯಕರ್ತೆಯೂ ಜೊತೆಗಿದ್ದಳು. "ತಂಗಿಗೆ ಏನಾಗಿತ್ರಿ?" ಎಂದರು. "ಹೊರಗಿಂದು ತಿಂದಿದ್ಳ್ರಿ," ಎಂದೆ. ನಮ್ಮಲ್ಲಿ ಒಬ್ಬರಾದರೂ ಇದ್ದದ್ದು ಹೇಳಿದ್ದರೆ ನಮ್ಮ ಓಣಿಯ ಪೈಪನ್ನೇ ಮೊದಲು ಅಗೆದು ನೋಡುತ್ತಿದ್ದರು. ಅವರು ಕೆಳಗಿನ ಓಣಿಯಲ್ಲಿ ಅಗೆದರು. ಮುಂದಿನ ಸಲ ನೀರು ಬಿಡುವ ಹೊತ್ತಿಗೆ ರಂಗೋಲಿಯ ಮೇಲೆಯೇ ಸಲಿಕೆ ಹಾಕಿ ನಾವು ಮತ್ತೆ ತಗ್ಗು ತೋಡಿದ್ದೆವು.

ತಂಗಿ ಆಲಮಟ್ಟಿಗೆ ಹೋದಳು. ಅವಳಿಗಿಂತ ಮೊದಲು ಆ ಸುದ್ದಿ ಹೋಗಿ ಮುಟ್ಟಿತ್ತು. ಬಾಯಿರುಚಿಗೆ ಕೂಸು ಕಳೆದುಕೊಂಡವಳು ಎಂದು ಕ್ವಾರ್ಟರ್ಸಿನ ಹೆಂಗಸರು ಬೆರಳು ಮಾಡುತ್ತಿದ್ದರಂತೆ. ಫೋನಿನಲ್ಲಿ ಅದನ್ನು ಅವಳೇ ಹೇಳಿ ಅವಳೇ ನಗುತ್ತಿದ್ದಳು. ನಾನು "ಜನ ಏನರೆ ಅಂತಾರ ಬಿಡು" ಎಂದು ಫೋನ್ ಇಡುತ್ತಿದ್ದೆ.

ಅವಳು ಮತ್ತೆ ಬಸುರಿಯಾದಳು. ಈ ಸಲ ತವರಿಗೆ ಕಳಿಸುವುದಿಲ್ಲ ಎಂದರು. ನಾನೇ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಸ್ಸು ಬದಲಿಸುತ್ತ ಆಲಮಟ್ಟಿಗೆ ಹೋದೆ. ತಂಗಿಯನ್ನು ನೋಡಿದೆ. ಹೊಟ್ಟೆಯೊಂದನ್ನು ಬಿಟ್ಟರೆ ಮೈಮೇಲೆ ಏನೂ ಉಳಿದಿರಲಿಲ್ಲ. ನುಚ್ಚು ಮತ್ತು ತೊವ್ವೆ ಬಿಟ್ಟು ಬೇರೇನೂ ತಿನ್ನುವುದಿಲ್ಲವಂತೆ. ಒಂದು ಗುಟುಕು ನೀರು ಬೇಕಾದರೂ "ಅತ್ತಿ, ಕುಡೀಲ್ರಿ?" ಎಂದು ಕೇಳಿ ಕುಡಿಯುತ್ತಿದ್ದಳು.

ಅತ್ತೆ ನನ್ನ ಗಂಟು ಬಿಚ್ಚಿ ಹೋಳಿಗೆ ಮೂಸಿ ನೋಡಿದಳು. "ಬೀಗತ್ಯಾರ, ನೀವು ಮಾಡಿದ್ದು ತಿಂತಾಳ ಬಿಡ್ರಿ. ನಿಮ್ಮ ಕೈ ಚೊಕ್ಕ ಐತಿ. ನಿಮ್ಮ ತಂಗಿ ಬಾಯಿ ಅಷ್ಟ ಸರಿ ಇಲ್ಲ."

"ಖರೇ ಐತ್ರಿ ಅತ್ತಿ," ಎಂದಳು ತಂಗಿ. ಅದರಲ್ಲಿ ಕೊಂಕಿರಲಿಲ್ಲ. ನಂಬಿಬಿಟ್ಟಿದ್ದಳು.

ಮಧ್ಯಾಹ್ನ ಅತ್ತೆ ಬಾಗಿಲ ಬಳಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ಹೊರಗೆ ಕ್ವಾರ್ಟರ್ಸಿನ ನಾಲ್ಕಾರು ಹೆಂಗಸರು ನಿಂತು ಮಾತಾಡುತ್ತಿದ್ದರು. ತಂಗಿ ನನ್ನ ಪಕ್ಕ ಬಂದು ಗೋಡೆಗೆ ಬೆನ್ನು ಹಚ್ಚಿದಳು.

"ಅಕ್ಕಾ, ಒಂದ ಮಾತ ಕೇಳ್ತೇನಿ, ಇಲ್ಲ ಅನಬ್ಯಾಡ. ಈ ಕೂಸು ಹುಟ್ಟಿದ ಮ್ಯಾಲೆ ನೀ ಒಯ್ಯಿ. ನಿನ್ನ ಕೈಯಾಗ ಬೆಳೀಲಿ. ನನ್ನ ಹತ್ರ ಉಳಿಯಂಗಿಲ್ಲ ಅದು. ನಾ ಒಂದನ್ನ ತಿಂದಾಕಿ."

ಒಂದು ಗಳಿಗೆ ನನಗೆ ಸಂತೋಷವಾಯಿತು. ಅದನ್ನು ಬರೆಯದೆ ಬಿಟ್ಟರೆ ಉಳಿದದ್ದು ಬರೆದೂ ಉಪಯೋಗವಿಲ್ಲ. ತೊಟ್ಟಿಲು ಎಲ್ಲಿ ಕಟ್ಟುವುದು ಎಂದು ನಮ್ಮ ಮನೆಯ ತೊಲೆ ಕಣ್ಮುಂದೆ ಬಂತು. ಆಮೇಲೆ ಅವಳು ತನ್ನ ಹೊಟ್ಟೆಯ ಮೇಲಿಂದ ಕೈ ತೆಗೆದದ್ದನ್ನು ನೋಡಿದೆ. ಮುಟ್ಟಿದರೆ ಅದಕ್ಕೇನಾದರೂ ಆಗುತ್ತದೆ ಎನ್ನುವಂತೆ ತೆಗೆದಳು.

"ನಾ ನೀರ ಕುದಿಸಿಲ್ಲ," ಎಂದೆ.

ಅವಳಿಗೆ ತಿಳಿಯಲಿಲ್ಲ. "ಯಾವ ನೀರು?"

"ನೀ ನಮ್ಮ ಮನಿಯಾಗ ಇದ್ದಾಗ ಕುಡದ ನೀರು. ಮೊದಲ ನಾಕ ದಿನ ಬಿಟ್ಟರ ಮುಂದ ಕುದಿಸಿಲ್ಲ. ತಗ್ಗಿನ ಮೊದಲ ನೀರ ಹಿಡದು, ಬೆಚ್ಚಗ ಮಾಡಿ, ಕುದಿಸೀನಿ ಅಂತ ಹೇಳಿ ಕೊಟ್ಟೇನಿ. ಡಾಕ್ಟರಿಗೂ ಸುಳ್ಳ ಹೇಳೀನಿ."

ಮೊರದ ಸಪ್ಪಳ ನಿಂತಿತು. ಅತ್ತೆ ಬಾಯಿ ತೆರೆದಳು. ತಂಗಿ ಅವಳ ಕಡೆ ನೋಡದೆ ಕೈ ಅಡ್ಡ ಹಿಡಿದಳು. "ನೀವು ಸುಮ್ನಿರ್ರಿ."

ನನ್ನ ಕಡೆ ತಿರುಗಿದಳು. ಅಳಲಿಲ್ಲ. "ಯಾಕ?" ಎಂದಳು.

ಗ್ಯಾಸ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ನಿನ್ನ ಮ್ಯಾಲಿನ ಸಿಟ್ಟಿಗೆ. ನೀ ಮಂಚದ ಮ್ಯಾಲೆ ಕುಂತು ನನಗ ಹೇಳ್ತಿದ್ದಿ ಅಂತ. ನಿನಗ ಎಲ್ಲಾ ಸಿಕ್ಕೇತಿ, ನನಗ ಏನೂ ಸಿಗಲಿಲ್ಲ ಅಂತ."

"ನನ್ನ ಮಗಳು," ಎಂದಳು ಅವಳು.

ಅವಳ ಪಾದ ಮುಟ್ಟಲು ಬಾಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. ಅಲ್ಲೇ ನೆಲದ ಮೇಲೆ ಕೈಯೂರಿ, ಅತ್ತೆಗೂ ಬಾಗಿಲ ಹೊರಗೆ ನಿಂತ ಹೆಂಗಸರಿಗೂ ಕೇಳುವಂತೆ ಹೇಳಿದೆ:

"ನೀ ಏನೂ ತಪ್ಪ ಮಾಡಿಲ್ಲ. ನೀ ತಿಂದದ್ದು ನಾನೂ ತಿಂದೀನಿ, ಅದರಿಂದ ಏನೂ ಆಗಿಲ್ಲ. ನಿನ್ನ ಕೂಸು ಹೋದದ್ದು ನನ್ನಿಂದ. ಅದನ್ನ ನಿನ್ನ ತಲಿ ಮ್ಯಾಲೆ ಹೊರಿಸಿದಾಕಿನೂ ನಾನ. ತಪ್ಪಾತು, ತಂಗಿ. ನನ್ನಿಂದ ತಪ್ಪಾತು."