ಒಡೆಯದೆ ಇಟ್ಟ ಕಾಯಿ

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ, ಮದ್ದೂರಿನಿಂದ ಮಳವಳ್ಳಿಗೆ ಇದ್ದಿಲು ಉರಿಸಿಕೊಂಡು ಬಸ್ಸು ಓಡುತ್ತಿತ್ತು. ಒಂದು ದಿನ ಅದು ಜನರ ಸಮೇತ ರಸ್ತೆ ಪಕ್ಕದ ಹಳ್ಳಕ್ಕೆ ಬಿತ್ತು. ಒಳಗಿದ್ದ ನನ್ನ ಗಂಡ ಎಂಥ ಭೂಪ ಅಂದರೆ, ತೆವಳಿ ಹೊರಗೆ ಬಂದು, ಮೈಮೇಲಿನ ಮಣ್ಣು ಕೊಡವಿ, ಅದೇ ಬಸ್ಸಿಗೆ ಹೆಗಲು ಕೊಟ್ಟು ಮೇಲೆತ್ತಿಸಿ ಮನೆಗೆ ಬಂದರು!

ಮಾರನೆಯ ದಿನ ಬಸ್ಸಿನ ಸಾಹುಕಾರರು ಎಲೆ, ಅಡಿಕೆ, ತೆಂಗಿನಕಾಯಿ ಹಿಡಿದು ಮನೆಗೇ ಬಂದರು. ನಮ್ಮ ಕಡೆ ಹಾಗೆ ಕೊಟ್ಟ ತಾಂಬೂಲ ತೆಗೆದುಕೊಂಡು ಕಾಯಿ ಒಡೆದರೆ ವ್ಯಾಜ್ಯ ಮುಗಿದಂತೆ.

"ತಡೀರಿ, ನಾಕು ದಿನ ನೋಡಾನ," ಎಂದು ನಾನು ಬಾಗಿಲ ಮರೆಯಿಂದ ಅಂದೆ.

"ಸುಮ್ಕಿರಮ್ಮಿ, ನಂಗೇನಾಗದೆ?" ಎಂದು ಇವರು ಕೈಚಾಚಿ ತೆಗೆದುಕೊಂಡೇಬಿಟ್ಟರು. ಎಲೆಯನ್ನೂ ಮೆದ್ದರು. ನಾನು ಸಿಟ್ಟಿನಿಂದ ಕಾಯಿ ಕಿತ್ತುಕೊಂಡು ದೇವರ ಗೂಡಿನಲ್ಲಿಟ್ಟೆ.

ಕಬ್ಬು ಕಡಿಯುವ ಹೊತ್ತಿಗೆ ಆ ಹೆಗಲು ಹಿಡಿದುಕೊಂಡಿತು. ಮಚ್ಚು ಎತ್ತಲಾಗದು. ನನ್ನ ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಮದುವೆಯಾದಾಗಿನಿಂದ ಬಾವಿಯ ಹತ್ತಿರ ತುಂಬಿದ ಕೊಡವನ್ನು ನನ್ನ ತಲೆಗೆ ಎತ್ತಿಡುತ್ತಿದ್ದವರು ಇವರೇ. ಊರ ಹೆಂಗಸರು ಆಡಿಕೊಂಡು ನಕ್ಕರೂ ಬಿಟ್ಟವರಲ್ಲ. ಈಗ ನಾನೇ ಎತ್ತಿಕೊಳ್ಳುವಾಗ ಮುಖ ತಿರುಗಿಸಿ ನಿಲ್ಲುತ್ತಿದ್ದರು. ಅದನ್ನು ನನ್ನಿಂದ ನೋಡಲಾಗಲಿಲ್ಲ.

ಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮದ್ದೂರಿಗೆ, ಸಾಹುಕಾರರ ಮನೆಗೇ ಹೋದೆ.

"ತಾಂಬೂಲ ತಗೊಂಡ್ಮೇಲೆ ಮುಗೀತಲ್ಲವ್ವ," ಎಂದರು ಸಾಹುಕಾರರು.

"ಎಲೆ ತಿಂದೋರು ಅವ್ರು. ಕಾಯಿ ಇನ್ನೂ ಒಡ್ದಿಲ್ಲ ಕಣ್ರೀ, ನೋಡಿ!" ಎಂದು ಅವರ ಮುಂದೆ ಕುಕ್ಕಿದೆ. "ನಿಮ್ ಬಸ್ನಿಂದ್ಲೇ ಕೆಟ್ಟ ತೋಳು, ನೀವೇ ವಾಸಿ ಮಾಡ್ಸಿಕೊಡಿ. ಆಮೇಕೆ ಒಡೀತೀನಿ."

ಸಾಹುಕಾರರು ಕಾಯಿಯನ್ನೂ ನನ್ನನ್ನೂ ನೋಡಿ ನಕ್ಕುಬಿಟ್ಟು, "ಆಗ್ಲವ್ವ, ಮಾಡುಸ್ಕೊಡ್ತೀನಿ," ಎಂದರು. ಪುಣ್ಯಾತ್ಮ, ಮಾತಿಗೆ ತಪ್ಪಲಿಲ್ಲ. ವಾರವಾರವೂ ಬಸ್ಸು ನಮ್ಮ ಮನೆ ಮುಂದೆ ನಿಂತು, ಇವರನ್ನು ಮಳವಳ್ಳಿಯಲ್ಲಿ ಮೂಳೆ ಕಟ್ಟುವವರ ಹತ್ತಿರ ಕರೆದೊಯ್ದು, ಎಣ್ಣೆ ತಿಕ್ಕಿಸಿ ಪಟ್ಟು ಹಾಕಿಸಿ ತಂದುಬಿಡುತ್ತಿತ್ತು.

"ಕಾಯಿ ಒಡುದ್ರಾ ಅಕ್ಕಾ?" ಎಂದು ಡ್ರೈವರು ಕೂಗುವುದು, "ಇನ್ನೂ ಇಲ್ಲ ಕಣಪ್ಪ, ಓಗು!" ಎಂದು ನಾನು ಕೂಗುವುದು. ಇವರಿಗೆ ನಾಚಿಕೆಯೋ ನಾಚಿಕೆ.

ಬೇಸಿಗೆ ಕಳೆಯುವ ಹೊತ್ತಿಗೆ, ಒಂದು ಬೆಳಗ್ಗೆ, ಬಾವಿಯ ಹತ್ತಿರ ಇವರು ಕೊಡಕ್ಕೆ ಕೈಹಾಕಿದರು. ಹಲ್ಲು ಕಚ್ಚಿ ಎತ್ತಿದರು. ತೋಳು ನಡುಗಿ ಅರ್ಧ ನೀರು ನನ್ನ ಮೈಮೇಲೆ ಸುರಿಯಿತು. ಆದರೂ ಕೊಡ ತಲೆಯ ಮೇಲೆ ಕೂತಿತು.

ಒದ್ದೆ ಸೀರೆಯಲ್ಲೇ ಮನೆಗೆ ಬಂದು ಕಾಯಿ ಒಡೆದೆ.