ಖಾರದ ಗಿರಣಿ ಎದುರಿನ ಗಾಳಿ ಡಬ್ಬಿ

ಬೆಟಗೇರಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮುದುಕವ್ವನ ಮಾಳಿಗೆಯ ಮೇಲೆ ತಸ್ಲೀಮ ಒಂದು ಗಂಟು ಬಿಚ್ಚುತ್ತಿದ್ದಾಳೆ. ಕಂಬಕ್ಕೆ ಬಿಗಿದ ಬಿಳಿ ಡಬ್ಬಿಗೆ ಯಾರೋ ಹಳೆ ಸೀರೆಯ ತುಂಡು ಸುತ್ತಿದ್ದಾರೆ. ಉಗುರು ನೋಯುತ್ತದೆ, ಗಂಟು ಸಡಿಲಾಗುವುದಿಲ್ಲ. ಕೆಳಗೆ, ಎದುರಿನ ಖಾರದ ಗಿರಣಿಯ ಬಾಗಿಲು ತೆರೆದ ಸದ್ದು.

ಗಾಳಿಯಲ್ಲಿನ ಧೂಳು ಅಳೆಯುವ ಡಬ್ಬಿ ಇದು. ಇಂಥವು ಓಣಿಯ ಐದು ಮಾಳಿಗೆಗಳ ಮೇಲಿವೆ. ತಂತಿಯಿಲ್ಲದೆ ಒಂದರಿಂದ ಒಂದಕ್ಕೆ ಲೆಕ್ಕ ದಾಟಿಸುತ್ತ ತಸ್ಲೀಮಳ ಮೊಬೈಲಿಗೆ ಮುಟ್ಟಿಸುತ್ತವೆ. ಕಾಲೇಜಿನವರು ಕೂರಿಸಿ ಹೋದರು. ಹೊಲಿಗೆ ಕೆಲಸ ಬಿಟ್ಟು ವಾರಕ್ಕೊಮ್ಮೆ ಏಣಿ ಹತ್ತಿ ಅವನ್ನು ನೋಡಿಕೊಳ್ಳುವವಳು ಇವಳೊಬ್ಬಳೇ. "ತಗಡಿನ ಪತ್ರಾ ಒಡೀತಿ, ಇಳಿಯವಾ ಕೆಳಗ" ಎಂದು ಬೈದವರೂ ಉಂಟು.

ಗಿರಣಿಗೆ ಅಂಟಿಕೊಂಡೇ ಅಂಗನವಾಡಿ ಇದೆ. ಮಗಳು ಮೆಹನಾಜ ಅಲ್ಲಿ ಕೆಮ್ಮುತ್ತಲೇ ಹಾಡು ಕಲಿತಿದ್ದಾಳೆ. "ಗಿರಣಿ ಮುಚ್ಚರಿ ಅನ್ನಂಗಿಲ್ರಿ. ಖಾರ ನಾವೂ ಅಲ್ಲೇ ಕುಟ್ಟಸ್ತೀವಿ. ಹುಡುಗ್ರನ್ನ ಬ್ಯಾರೆ ಕಡೆ ಕುಂಡ್ರಸ್ರಿ ಅಂತೀನಿ, ಅಷ್ಟ" ಅನ್ನುತ್ತಾಳೆ ತಸ್ಲೀಮ.

ಅದಕ್ಕೆಂದೇ ಇವತ್ತು ಓಣಿಯ ಹಿರಿಯರ ಸಭೆ. ಮೆಣಸಿನಕಾಯಿ ಸುಗ್ಗಿಯ ಈ ವಾರದ ಲೆಕ್ಕ ತೋರಿಸಬೇಕು. ಗಿರಣಿ ಎದುರಿನ ಈ ಡಬ್ಬಿ ಮಾತ್ರ ಎಂದೂ ಇಲ್ಲದಷ್ಟು ಕಡಿಮೆ ಧೂಳು ತೋರಿಸಿದೆ.

ಏಣಿಯ ಬುಡಕ್ಕೆ ಬಂದು ನಿಂತ ಮುದುಕವ್ವನನ್ನು ಕೇಳುತ್ತಾಳೆ, "ಆಯಿ, ಇದನ್ನ ಯಾರು ಸುತ್ತಿದ್ರು?"

"ನಾನ ಯವ್ವಾ. ಗಿರಣಿ ಚಾಲೂ ಆದ್ರ ನನಗ ಸೀನು ನಿಂದ್ರಂಗಿಲ್ಲ. ಪಾಪ, ಅದಕ್ಕೂ ಘಾಟು ಹತ್ತೀತು ಅಂತ ಅರಿವಿ ತೋಯ್ಸಿ ಕಟ್ಟೀನಿ. ವಾರಾತು!"

ತಸ್ಲೀಮಳಿಗೆ ನಗು ಬರುತ್ತದೆ, ಅಳುವೂ. "ಅದು ಘಾಟು ಕುಡೀಲಿ ಅಂತನ ಇಟ್ಟೀನಿ, ಆಯಿ."

ಮುದುಕವ್ವನ ಮುಖ ಇಳಿಯುತ್ತದೆ. "ನನ್ನ ಹೆಸರು ಹೇಳಬ್ಯಾಡವಾ. ಮಗಗ ಗೊತ್ತಾದ್ರ, ನಮಗ್ಯಾಕ ಈ ತಂಟಿ ಅಂತ ಡಬ್ಬೀನ ಕಿತ್ತ ಒಗೀತಾನ."

ಸಭೆಯಲ್ಲಿ ಗಿರಣಿಯ ಫಕೀರಸಾಬ ಅವಳ ಮೊಬೈಲು ಇಸಕೊಂಡು ಎಲ್ಲರಿಗೂ ತೋರಿಸುತ್ತಾನೆ. "ನೋಡ್ರಿ, ತಂಗಿ ಡಬ್ಬೀನ ನಮ್ಮ ಪರ ಸಾಕ್ಷಿ ಹೇಳೇತಿ!" ಜನ ನಗುತ್ತಾರೆ.

"ಅದರ ಮ್ಯಾಲೆ ಅರಿವಿ ಮುಚ್ಚಿತ್ರಿ" ಅನ್ನುತ್ತಾಳೆ ತಸ್ಲೀಮ.

"ಯಾರು ಮುಚ್ಚಿದ್ರು? ಹೇಳು" ಅನ್ನುತ್ತಾನೆ ಫಕೀರಸಾಬ.

ಬಾಗಿಲ ಬಳಿ ಕೂತ ಮುದುಕವ್ವ ಸೆರಗಿನ ತುದಿ ಹಿಂಡುತ್ತಾಳೆ. ತಸ್ಲೀಮ ಅತ್ತ ನೋಡುವುದಿಲ್ಲ, ಹೆಸರೂ ಹೇಳುವುದಿಲ್ಲ. ಹಿರಿಯ ಸಕ್ರಪ್ಪ, "ಆತು ಬಿಡವಾ" ಎಂದು ಏಳುತ್ತಾನೆ. ಕುರ್ಚಿಗಳು ಸರಿಯುತ್ತವೆ, ಚಪ್ಪಲಿ ಹುಡುಕಾಟ ಶುರುವಾಗುತ್ತದೆ. ತಸ್ಲೀಮ ಬಾಗಿಲಿಗೆ ಅಡ್ಡ ಬರುತ್ತಾಳೆ.

"ಕಾಕಾ, ಇನ್ನೊಂದು ವಾರ ಅಳೆಯಾಕ ಬಿಡ್ರಿ. ಅಲ್ಲೀತನಕ ಹುಡುಗ್ರನ್ನ ಶಾಲಿ ಖೋಲ್ಯಾಗ ಕುಂಡ್ರಸ್ರಿ."

ಜನ ಅವಳ ಪಕ್ಕದಿಂದ ಹಾದು ಹೊರಗೆ ಇಳಿಯುತ್ತಾರೆ.

"ಒಂದ ವಾರ ರೀ, ಕಾಕಾ."